ಅರ್ಧ ಇಂಚು

ಪ್ರವೇಶ ಪರೀಕ್ಷೆಯ ಗಣಿತದಲ್ಲಿ ನಾನು ಎರಡು ಸಲ ಮುಗ್ಗರಿಸಿದ ಮೇಲೆ ಅಪ್ಪ ಟ್ಯೂಷನ್ನಿಗೆ ಸೇರಿಸಿದರು. ಅಪ್ಪ ದರ್ಜಿ. ಟ್ಯೂಷನ್ ಮೇಡಂ ನನ್ನ ಹಳೆಯ ಉತ್ತರಗಳನ್ನೆಲ್ಲ ತಿರುವಿ ನೋಡಿ ಪೆನ್ನು ಕೆಳಗಿಟ್ಟರು.

"ಉದ್ದ ಕೇಳಿದ ಕಡೆಯೆಲ್ಲ ಅರ್ಧ ಜಾಸ್ತಿ ಬರೀತೀಯಲ್ಲ, ಯಾಕೆ?"

ಯೋಚಿಸಿದಾಗ ಹೊಳೆಯಿತು, ಮೇಡಂಗೂ ಹೇಳಿದೆ. ಚಿಕ್ಕಂದಿನಿಂದ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದ ಕೈ, ಹೊಲಿಗೆಗೆಂದು ಅರ್ಧ ಇಂಚು ತಾನಾಗಿಯೇ ಬಿಡುತ್ತಿತ್ತು.

"ಬಿಡೋದನ್ನ ಬಿಡು" ಎಂದರು ಮೇಡಂ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಆರು ತಿಂಗಳಲ್ಲಿ ಹೋಯಿತು. ನಲವತ್ತೊಂದು ಇದ್ದದ್ದು ಎಂಬತ್ತೆಂಟಾಯಿತು. ಚಿಕ್ಕಮ್ಮ ಫೋನಿನಲ್ಲಿ ಖುಷಿಗೆ ಅತ್ತರು. ನನಗೆ ಪಕ್ಕದ ಮನೆಯವರ ಅಂಕ ಓದಿದ ಹಾಗಿತ್ತು, ಅಷ್ಟೇ.

ಅಪ್ಪ ಪೆಟ್ಟಿಗೆಯ ತಳದಿಂದ ಒಂದು ನೀಲಿ ಬಟ್ಟೆ ತೆಗೆದರು.

"ನೀನು ಕಾಲೇಜು ಸೇರೋ ದಿನಕ್ಕೆ ಅಂತ ಹತ್ತು ವರ್ಷದಿಂದ ಇಟ್ಟಿದ್ದೆ. ನೀನೇ ಕತ್ತರಿಸು, ನಾನು ಹೊಲೀತೀನಿ."

ಅಳೆದೆ, ಗೆರೆ ಹಾಕಿದೆ, ಕತ್ತರಿಸಿದೆ. ಅಪ್ಪ ತುಂಡುಗಳನ್ನು ಜೋಡಿಸಿ ಟೇಪು ಹಿಡಿದು ನೋಡಿದರು. ಮೈಯಳತೆ ಎಷ್ಟೋ ಅಷ್ಟೇ ಇತ್ತು. ಹೊಲಿಗೆ ಹಾಕಲು ಒಂದು ನೂಲಿನಷ್ಟೂ ಜಾಗವಿರಲಿಲ್ಲ.

"ಲೆಕ್ಕ ಸರಿಯಾಗಿದೆ" ಎಂದರು ಅಪ್ಪ, ಟೇಪು ಸುತ್ತುತ್ತ.