ದವಡೆಯೊಳಗಿನ ಮೊಳೆ

ಸತ್ಯನಾರಾಯಣಪೇಟೆಯ ಹಲ್ಲಿನ ಡಾಕ್ಟರು ಕೊಟ್ಟೂರಪ್ಪನವರು ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದಾಗ ಕೊಟ್ರಬಸಮ್ಮ ಎದ್ದು ಹತ್ತಿರ ಬಂದು ನೋಡಿದಳು. ಗಂಡ ತಿಪ್ಪೇರುದ್ರಪ್ಪನ ಕೆಳದವಡೆಯಲ್ಲಿ ತಿರುಪಿನ ಮೊಳೆಯೊಂದು ಬೆಳ್ಳಗೆ ನಿಂತಿತ್ತು.

ಸಿರುಗುಪ್ಪದಿಂದ ಅವರು ಬಂದದ್ದು ಬೇರೊಂದು ಹಲ್ಲಿನ ನೋವಿಗೆ. ಎಂಬತ್ತರ ದಶಕದ ಕೊನೆಗೆ ಅಕ್ಕಿ ವ್ಯಾಪಾರಕ್ಕೆ ಬೊಂಬಾಯಿಗೆ ಹೋದವನು ಅಲ್ಲಿ ಹಲ್ಲು ಕಟ್ಟಿಸಿಕೊಂಡು ಬಂದದ್ದು ಅವಳಿಗೆ ಗೊತ್ತಿತ್ತು. ಅದರ ಬುಡದಲ್ಲಿ ಇಂಥದ್ದಿದೆಯೆಂದು ಈ ಪುಣ್ಯಾತ್ಮ ಬಾಯಿಬಿಟ್ಟಿರಲಿಲ್ಲ.

ಕುರುಗೋಡಿನ ಅವಳ ತವರಿನಲ್ಲಿ ಬಾಣಂತಿ ತೀರಿಕೊಂಡರೆ, ಹೆಣ ಹೊರಟ ಮೇಲೆ ಹೊಸ್ತಿಲಿಗೆ ಮೊಳೆ ಬಡಿಯುತ್ತಿದ್ದರು. ಹೋದ ಜೀವ ತಿರುಗಿ ಒಳಗೆ ಬರಬಾರದೆಂದು. ಅದು ಸತ್ತವರಿಗೆ ಬಡಿಯುವ ಮೊಳೆ. ಬದುಕಿರುವವನ ಎಲುಬಿಗೆ ಯಾರಾದರೂ ಬಡಿಯುತ್ತಾರೆಯೇ?

“ಈಗಿಂದೀಗ ಕಿತ್ತು ಹಾಕ್ರಿ. ನನ್ನ ಗಂಡ ನನಗ ಬೇಕು” ಎಂದಳು.

ಡಾಕ್ಟರು ಆ ಕಟ್ಟಿಸಿದ ಹಲ್ಲನ್ನು ಇಕ್ಕಳದಲ್ಲಿ ಹಿಡಿದು ಅಲುಗಿಸಿದರು. ಅದು ಜಪ್ಪಯ್ಯ ಅನ್ನಲಿಲ್ಲ.

“ಬರಂಗಿಲ್ರಿ ಅಮ್ಮಾರ. ಇದು ಟೈಟಾನಿಯಂ ಅಂತ ಒಂದು ಲೋಹ. ಎಲುಬು ಇದನ್ನ ತನ್ನದಾ ಅಂದ್ಕೊಂಡು ಅಪ್ಪಿಕೊಂಡು ಬೆಳದೈತಿ. ತೆಗೀಬೇಕಂದ್ರ ದವಡಿ ಕೊರೀಬೇಕು.” ಅವರ ಬೆರಳು ಹಾಳೆಯ ಇನ್ನೊಂದು ಬದಿಗೆ ಸರಿಯಿತು. “ಇಲ್ಲಿ ಹಲ್ಲು ಕೀಳಿಸಿ ಹಂಗಾ ಬಿಟ್ಟಾರ. ಅಗಿಯೋ ಕೆಲಸ ಇಲ್ಲದ ಎಲುಬು ಕರಗಿ ಕುಸದೈತಿ. ಮೊಳಿ ಇದ್ದಲ್ಲಿ ಮಾತ್ರ ಗಟ್ಟಿ ಉಳದೈತಿ ನೋಡ್ರಿ.”

ಕೊಟ್ರಬಸಮ್ಮನ ಕೈ ತಾನಾಗಿ ತನ್ನ ಕೆನ್ನೆಗೆ ಹೋಯಿತು. ಅವಳೂ ಗಂಡ ಬೊಂಬಾಯಿಗೆ ಹೋದ ವರ್ಷವೇ ಕೆಳಗಿನ ಹಲ್ಲೆಲ್ಲ ಕೀಳಿಸಿಕೊಂಡವಳು. ಕಟ್ಟಿಸಿದ ಹಲ್ಲಿನ ಸೆಟ್ಟು ಈಗ ನಿಲ್ಲುವುದೇ ಇಲ್ಲ, ಉಣ್ಣುವಾಗ ಜಾರಿ ತಟ್ಟೆಗೇ ಬೀಳುತ್ತದೆ.

“ನಂದೂ ಒಂದು ಫೋಟೋ ತೆಗೀರಿ.”

ತೆಗೆದರು. ದವಡೆ ಎಂಬುದು ಸವೆದ ಕುಡುಗೋಲಿನಷ್ಟೇ ಉಳಿದಿತ್ತು. ಇದು ತನ್ನದೇ ಎಂದು ನಂಬಲು ಅವಳಿಗೆ ಹೊತ್ತು ಹಿಡಿಯಿತು.

“ಹಂಗಾರ ನನಗೂ ಮೊಳಿ ಕೂಡಿಸ್ರಿ” ಎಂದಳು.

“ಹಿಡಕೊಳ್ಳಾಕ ಎಲುಬಾ ಇಲ್ರಿ ಈಗ. ಅವತ್ತಾ ಕೂಡಿಸಿದ್ರ ಉಳೀತಿತ್ತು.”

ಅವಳು ಗಂಡನತ್ತ ತಿರುಗಿದಳು. “ಮನಿಗೆ ಬಂದು ಒಂದು ಮಾತು ಹೇಳಬಾರದಾಗಿತ್ತೇನ್ರಿ?”

ತಿಪ್ಪೇರುದ್ರಪ್ಪ ತಲೆ ಎತ್ತಲಿಲ್ಲ. “ನಿನ್ನೂ ಬೊಂಬಾಯಿಗೆ ಕರಕೊಂಡು ಹೋಗಿ ಹಾಕಿಸಬೇಕಂತ ಹೇಳಾಕನ ನೆಟ್ಟಗ ಕುರುಗೋಡಿಗೆ ಬಂದಿದ್ದೆ. ಅವತ್ತಾ ನಿಮ್ಮ ಅತ್ತಿಗಿ ಬಾಣಂತ್ಯಾಗ ತೀರ್ಕೊಂಡಿದ್ಲು. ನೀನು ಹೊಸ್ತಿಲದಾಗ ಕುಂತು ಮೊಳಿ ಬಡಿಯಾಕತ್ತಿದ್ದಿ.”