ತೊಂಬತ್ತನೆಯ ದಿನ, ಐದಕ್ಕೆ ಹತ್ತು ನಿಮಿಷ

ನ್ಯಾಯಾಧೀಶೆ ಅಮ್ಮಾವರ ಕನ್ನಡಕದ ಮೇಲೊಂದು ನೊಣ, ಓಡಿಸಿದರೆ ಮತ್ತೆ ಅಲ್ಲೇ, ಅದಕ್ಕೆ ಗಡಿಯೂ ಇಲ್ಲ ಗಡುವೂ ಇಲ್ಲ — ನನಗೆ ಎರಡೂ ಇವೆ, ಐದಾಗಲು ಇನ್ನು ಹತ್ತು ನಿಮಿಷ, ಅಷ್ಟರಲ್ಲಿ ಆಚೆ ರಾಜ್ಯದ ಪೊಲೀಸರು ಸಹಿಯಾದ ಆಜ್ಞೆ ಹಿಡಿದು ಆ ಬಾಗಿಲಲ್ಲಿ ನಿಲ್ಲಬೇಕು, ನಿಂತರೆ ನಾನು ಅವರ ಪಾಲು, ಇಲ್ಲದಿದ್ದರೆ ಮನೆ, ತೊಂಬತ್ತು ದಿನದ ಮೇಲೆ ಒಂದು ಗಳಿಗೆಯೂ ಇಟ್ಕೊಳ್ಳೋ ಹಾಗಿಲ್ಲ ಅಂದಿದ್ದರು ನನ್ನ ವಕೀಲಮ್ಮ, ನಾನು ಆ ಎಮ್ಮೆಯನ್ನು ಕದ್ದೆನೇ, ಗಡಿಯ ಹೊಳೆಯಾಚೆ ಬಾವಿ ತೋಡಲು ಹೋದವನು, ಮಣ್ಣು ಹೊತ್ತು ಮೇಲೆ ಬಂದಾಗಲೆಲ್ಲ ಅಲ್ಲೇ ಮೇಯುತ್ತಿದ್ದ ಅದಕ್ಕೆ ಒಂದು ಹಿಡಿ ಹಸಿಹುಲ್ಲು ಹಾಕಿದೆ, ಅಷ್ಟೇ, ಇಪ್ಪತ್ತು ಮೊಳಕ್ಕೆ ನೀರು ಬಂತು, ಊರಿಗೆ ಹೊರಟೆ, ಈಚೆ ದಡ ಹತ್ತಿ ತಿರುಗಿದರೆ ಹೊಳೆಯಲ್ಲಿ ಎರಡು ಕೊಂಬು ಈಜಿಕೊಂಡು ಬರುತ್ತಿವೆ, ನನ್ನವಳು ಸೊಂಟಕ್ಕೆ ಕೈಯಿಟ್ಟು, ಇದ್ಯಾರ್ರೀ ಹೊಸಬಳು, ಮರುದಿನ ಬಿಟ್ಟುಬರೋಣವೆಂದರೆ ಅಷ್ಟರಲ್ಲಿ ಆಚೆ ದೂರು, ಈಚೆ ಬಂಧನ, ಎಮ್ಮೆಯನ್ನು ಆಚೆಯವರು ಮೂರೇ ದಿನದಲ್ಲಿ ಹೊಡೆದುಕೊಂಡು ಹೋದರು, ಅದಕ್ಕೆ ಯಾರ ಸಹಿಯೂ ಬೇಡವಂತೆ — ಬಾಗಿಲಲ್ಲಿ ಯಾರೂ ಇಲ್ಲ — ಪಕ್ಕದಲ್ಲಿ ಮೀಸೆ ಪೇದೆ, ಇಷ್ಟು ದಿನ ಸ್ನಾನಕ್ಕೂ ನನ್ನ ಮುಂದೆ ನಡೆದವನು, ಪಿಸುಗುಡುತ್ತಾನೆ, ಹೋಗ್ಬೇಡ ಕಣೋ, ನೀನು ತೋಡ್ತಿರೋ ಜೈಲಿನ ಬಾವಿ ಇನ್ನೂ ಆರು ಮೊಳ ಬಾಕಿ ಇದೆ, ನೀನೇ ಇಳಿಯಯ್ಯಾ ಅಂದೆ, ಅಯ್ಯೋ ಮೀಸೆಗೆ ಮಣ್ಣಾಗಲ್ವಾ, ಎಮ್ಮೆ ದಿನಾ ಕೆಸರಲ್ಲೇ ಬೀಳತ್ತೆ, ಅದೇನು ಅತ್ತಿದ್ದು ನೋಡಿದೀಯಾ, ಕಿಸಕ್ಕೆಂದೆವು ಇಬ್ಬರೂ, ಅಮ್ಮಾವರು ಕನ್ನಡಕದ ಮೇಲಿನಿಂದ ನೋಡಿದರು, ಇಬ್ಬರೂ ತಲೆ ತಗ್ಗಿಸಿದೆವು, ಹೊರಗೆ ಜೀಪು ನಿಂತ ಸದ್ದು, ಬೂಟು, ಬೂಟು, ಬಾಗಿಲಲ್ಲಿ ಖಾಕಿ — ಬಂದೇಬಿಟ್ಟರಲ್ಲಪ್ಪ, ಹಿಂದಿನ ಬೆಂಚಿನಲ್ಲಿ ನನ್ನವಳ ಬಳೆ ಸದ್ದಡಗಿತು, ಬಂದವನು ಬೆವರುತ್ತ ಕಾಗದ ಕೊಟ್ಟ, ಅಮ್ಮಾವರು ಹಿಂದೆ ತಿರುಗಿಸಿ ಮುಂದೆ ತಿರುಗಿಸಿ, ಸಹಿ ಎಲ್ರೀ, ನಾಳೆ ಆಗತ್ತೆ ಮೇಡಂ, ಸಾಹೇಬ್ರು ಮದುವೆಗೆ ಹೋಗಿದಾರೆ, ಯಾರ ಮದುವೆ, ಅವರದ್ದೇ ಮೇಡಂ, ಇಡೀ ಕೋರ್ಟು ಗೊಳ್ಳೆಂದಿತು, ಅಮ್ಮಾವರ ತುಟಿಯೂ ಅಲುಗಿತು, ಗಡಿಯಾರ ಐದು ಹೊಡೆಯಿತು, ನಾಳೆ ಅಂದ್ರೆ ತೊಂಬತ್ತೊಂದ್ರೀ, ಆಗಲ್ಲ, ಬಿಡಿ ಇವರನ್ನ — ಎದ್ದೆ, ಮೀಸೆ ಮುಂದೆ ನಡೆಯಲಿ ಎಂದು ನಿಂತೆ, ಅವನು ಕೂತೇ ಇದ್ದಾನೆ, ಬರಲ್ವಾ, ನಿಮ್ಮನೆಗೆ ನಾನ್ಯಾಕೋ ಬರ್ಲಿ, ನನ್ನವಳು ಬೆನ್ನಿಗೊಂದು ಗುದ್ದಿದಳು, ನಡೀರಿ, ಇನ್ಯಾರ ಅಪ್ಪಣೆ ಬೇಕು, ಹೌದಲ್ಲ, ಯಾರ ಅಪ್ಪಣೆ, ಯಾವ ಕಾಲು ಮೊದಲು ಇಡುವುದು, ಬಿಸಿಲು ತುಂಬಿದ ಬಾಗಿಲು, ಹಾರು ಹೊಡೆದಿದೆ, ಬಾಗಿಲಲ್ಲಿ ಯಾರೂ ಇಲ್ಲ, ಬಾಗಿಲಲ್ಲಿ ಯಾರೂ ಇಲ್ಲ