ಅಕ್ಕನ ಕಿಟಕಿ

ಬಿದ್ದ ಏಟಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅಕ್ಕ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಂಗಿಯೇನು ಸಾಮಾನ್ಯಳೇ? ಆ ಗೋಡೆಯನ್ನೇ ಒಡೆಸಿ ಆಳೆತ್ತರದ ಗಾಜಿನ ಕಿಟಕಿ ಇಡಿಸಿದಳು. ಹೊರಗೆ ನರ್ಸರಿಯ ಥಳುಕಿನ ಗಿಡ ಬೇಡವೆಂದು, ಆ ಮಣ್ಣಿನಲ್ಲಿ ತಾನಾಗಿ ಹುಟ್ಟುವ ಪೊದೆಗಳನ್ನೇ ಬೇಲಿ ಬಯಲು ಅಲೆದು ತಂದು ನೆಟ್ಟಳು. "ಕಳೆ ಸಾಕ್ತಿದಾಳೆ ಪುಣ್ಯಾತ್ಗಿತ್ತಿ" ಎಂದು ಬೀದಿಗೆ ಬೀದಿಯೇ ನಕ್ಕಿತು. ನಗಲಿ ಬಿಡಿ. ಹಣ್ಣು ಬಿಟ್ಟದ್ದೇ ತಡ, ಪಿಕಳಾರ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿದವು. ಅವನ್ನು ನೋಡುತ್ತಾ ನೋಡುತ್ತಾ ಅಕ್ಕ ನಾಲ್ಕು ತುತ್ತು ನುಂಗತೊಡಗಿದಳು.

ಅದೇ ಖುಷಿಗೆ ತಂಗಿ ದಿನಾ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ ಗಾಜನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿಡುತ್ತಿದ್ದಳು. ಎಡವಟ್ಟಾದದ್ದೇ ಅಲ್ಲಿ. ಗಾಜಿನಲ್ಲಿ ಪೊದೆಯೂ ಆಕಾಶವೂ ಕಂಡು, ಹಾರಿ ಬಂದ ಹಕ್ಕಿಗಳು ಢಪ್ಪೆಂದು ಬಡಿದು ಸಾಯತೊಡಗಿದವು.

ಮೊದಲ ಹಕ್ಕಿ ಬಿದ್ದಾಗ ಅಕ್ಕ ಕಣ್ಣಾರೆ ಕಂಡಳು. ಸಂಜೆ ತಂಗಿಗೆ ಹೇಳೋಣವೆಂದುಕೊಂಡಳು. ಆದರೆ ಹೇಳಿದರೆ ಈ ಹಟಮಾರಿ ಕಿಟಕಿಯನ್ನೇ ಮುಚ್ಚಿಬಿಡುತ್ತಾಳೆ, ಆಮೇಲೆ ತನಗೇನಿದೆ? ಸಂಜೆ ತಂಗಿ ಕಲಸಿ ಕೊಟ್ಟ ತುತ್ತು ನುಂಗಿ ಮಲಗಿದಳು.

ಸತ್ತ ಹಕ್ಕಿಗಳನ್ನು ಕಂಡು ತಂಗಿ ಉರಿದುಬಿದ್ದಳು. "ಎಲ್ಲಾ ಪಕ್ಕದ್ಮನೆ ಬೆಕ್ಕಿಂದೇ ಕೆಲ್ಸ. ಅದಕ್ಕೊಂದು ಗತಿ ಕಾಣಿಸ್ತೀನಿ, ನೋಡ್ತಿರು!"

"ಪಾಪ, ಹೋಗ್ಲಿ ಬಿಡೇ" ಎಂದಳು ಅಕ್ಕ. ಅಷ್ಟೇ ಎಂದಳು.

ತಂಗಿ ಬರೀ ಬಾಯಲ್ಲಿ ಹೇಳಿ ಬಿಡುವವಳಲ್ಲ. ಮೀನಿನ ತುಂಡಿಗೆ ಇಲಿ ಪಾಷಾಣ ಹಚ್ಚಿ ಪೊದೆಯ ಬುಡದಲ್ಲಿಟ್ಟಳು.

ರಜೆಯ ದಿನ ಪಕ್ಕದ ಮನೆಯ ಅಜ್ಜಿ ಬೆಕ್ಕಿನ ಹೆಣವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು. ಅವಳ ಮಾತು ಒಳಗೆ ಮಲಗಿದ್ದ ಅಕ್ಕನಿಗೂ ಕೇಳಿಸಿತು.

"ನಿಮ್ಮ ಗಿಡದ ಹತ್ರ ಬಿದ್ದಿತ್ತಮ್ಮ. ಏನು ತಿಂತೋ ಏನೋ. ಎರಡು ಕಣ್ಣೂ ಹೋಗಿ ವರ್ಷವಾಗಿತ್ತು, ವಾಸನೆ ಹಿಡ್ಕೊಂಡೇ ಓಡಾಡ್ತಿತ್ತು, ಪಾಪದ್ದು."

ತಂಗಿ ಬಿಳಿಚಿಕೊಂಡು ಒಳಗೆ ಬಂದಳು. "ಕುರುಡು ಬೆಕ್ಕು ಹಕ್ಕಿ ಹಿಡಿಯುತ್ತೇನೇ ಅಕ್ಕಾ?" ಎನ್ನುವಷ್ಟರಲ್ಲಿ ಗಾಜು ಢಪ್ಪೆಂದಿತು. ಕೆಳಗೆ ಪಿಕಳಾರವೊಂದು ರೆಕ್ಕೆ ಬಡಿದು ಸುಮ್ಮನಾಯಿತು. ತಂಗಿ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

ತಂಗಿ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು, ಹೊರಗೆ ನಿಂತು, ಗಾಜಿಗೆ ಬುಡದಿಂದ ಬಳಿಯುತ್ತಾ ಬಂದಳು. ಮೊದಲು ಪೊದೆಗಳು ಹೋದವು. ಅವಳ ಮುಖವೊಂದು ಉಳಿದಾಗ ಅಕ್ಕ ಕೂಗಿಕೊಂಡಳು: "ಮೇಲೊಂದು ಗೇಣಾದ್ರೂ ಬಿಡೇ, ಪುಟ್ಟಿ!"

ತಂಗಿ ಕೇಳಿಸಿಕೊಂಡಳು. ಒಂದು ಗಳಿಗೆ ಕೈ ತಡೆದಳು. ಆಮೇಲೆ ಆ ಗೇಣಿಗೂ ಬಳಿದಳು.